ಮೊದಲ ಪ್ರೋಗ್ರಾಮಿಂಗ್ ಕೋರ್ಸನ್ನು ಆನ್‌ಲೈನ್‌ನಲ್ಲಿ ಸೇರಿ, ಕೊನೆವರೆಗೂ ಮುಗಿಸುವುದು ಹೇಗೆ?

ಪ್ರೋಗ್ರಾಮಿಂಗ್ ಕೋರ್ಸಿಗೆ ಸೇರುವುದು ಸುಲಭ. ಒಂದು ಇಮೇಲ್ ಐಡಿ ಇದ್ದರೆ ಸಾಕು, ಐದು ನಿಮಿಷದ ಕೆಲಸ. ಕಷ್ಟ ಶುರುವಾಗುವುದು ಮೂರನೇ ವಾರದಲ್ಲಿ. ಅಲ್ಲಿಯವರೆಗೆ ವಿಡಿಯೋ ನೋಡಿಕೊಂಡು ಬಂದವರು, ಮೇಷ್ಟ್ರು ಹೇಳಿದ್ದೆಲ್ಲಾ ಅರ್ಥ ಆಯ್ತು ಅಂದುಕೊಂಡವರು, ಖಾಲಿ ಸ್ಕ್ರೀನ್ ಮುಂದೆ ಕೂತಾಗ ಒಂದು ಸಾಲೂ ಹೊಳೆಯದೆ ಕಂಗಾಲಾಗುತ್ತಾರೆ. ನನಗೆ ಇದು ಬರಲ್ಲ, ನನ್ನ ತಲೆ ಇದಕ್ಕಲ್ಲ ಅಂತ ಅಲ್ಲೇ ಕೈಬಿಡುತ್ತಾರೆ. ತಲೆಯಲ್ಲಿ ಏನೂ ಕೊರತೆ ಇರುವುದಿಲ್ಲ. ಎದುರು ಮನೆಯವರು ಚುಕ್ಕಿ ರಂಗೋಲಿ ಹಾಕುವುದನ್ನು ವರ್ಷಗಟ್ಟಲೆ ನೋಡಿದರೂ, ನಾವೇ ಬಗ್ಗಿ ಪುಡಿ ಬಿಡುವವರೆಗೆ ಒಂದು ಎಳೆಯೂ ನೆಟ್ಟಗೆ ಬರಲ್ಲ ಅಲ್ವಾ, ಇದೂ ಹಾಗೇ. ಈ ಲೇಖನ ಪೂರ್ತಿ ಹೇಳುವುದು ಒಂದೇ ಮಾತು: ವಿಡಿಯೋಗೆ ಕಡಿಮೆ ಸಮಯ ಕೊಡಿ, ಕೀಬೋರ್ಡಿಗೆ ಜಾಸ್ತಿ ಕೊಡಿ.

ಇದು ಈವರೆಗೆ ಒಂದು ಸಾಲು ಕೋಡ್ ಕೂಡ ಬರೆಯದವರಿಗೆ. ಬಿಕಾಂ ಓದುತ್ತಿರಲಿ, ಕೆಲಸಕ್ಕೆ ಹೋಗುತ್ತಿರಲಿ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿರಲಿ, ಪರವಾಗಿಲ್ಲ.

ಮೊದಲು ಭಾಷೆ, ಆಮೇಲೆ ಕೋರ್ಸು

ಯಾವ ಭಾಷೆ ಕಲಿಯಬೇಕು ಅಂತ ತಿಂಗಳುಗಟ್ಟಲೆ ಯೋಚಿಸಬೇಡಿ. ಪೈಥಾನ್ ಹಿಡಿಯಿರಿ. ಗೀಡೋ ವಾನ್ ರಾಸಮ್ ಇದನ್ನು ಮೊದಲ ಸಲ ಹೊರಗೆ ಬಿಟ್ಟಿದ್ದು 1991ರಲ್ಲಿ. ಓದಲು ಸುಲಭವಾಗಿರಬೇಕು ಅನ್ನುವ ಉದ್ದೇಶವನ್ನು ಇಟ್ಟುಕೊಂಡೇ ಬೆಳೆದ ಭಾಷೆ ಇದು. ಇಂಗ್ಲಿಷ್ ಅಂದರೆ ಹೆದರುವವರಿಗೆ ಒಂದು ಮಾತು. ಪೈಥಾನಿನ ಕಾಯ್ದಿಟ್ಟ ಪದಗಳು, ಅಂದರೆ ಇಫ್, ಎಲ್ಸ್, ವೈಲ್, ಫಾರ್, ಡೆಫ್, ರಿಟರ್ನ್ ತರಹದವು, ಒಟ್ಟು 35 ಮಾತ್ರ. ಶುರುವಿನ ಕೋರ್ಸಿನಲ್ಲಿ ಅದರಲ್ಲೂ ಸುಮಾರು ಇಪ್ಪತ್ತು ಗೊತ್ತಿದ್ದರೆ ಕೆಲಸ ನಡೆಯುತ್ತದೆ. ಇಂಗ್ಲಿಷ್ ವ್ಯಾಕರಣ ಬೇಕಿಲ್ಲ. ಬೇಕಾಗುವುದು ತಪ್ಪಿಲ್ಲದ ಸ್ಪೆಲ್ಲಿಂಗ್ ಮಾತ್ರ.

ಕೋರ್ಸುಗಳು ನೂರಾರು ಇವೆ. ನಾನು ಎರಡನ್ನೇ ಹೇಳುತ್ತೇನೆ, ಎರಡೂ ಉಚಿತವಾಗಿ ಕಲಿಯಬಹುದಾದವು.

ಒಂದು, ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50ಪಿ, ಅಂದರೆ ಅವರ ಸಿಎಸ್50 ಕೋರ್ಸುಗಳಲ್ಲಿ ಪೈಥಾನ್ ಕಲಿಸುವುದು. ಡೇವಿಡ್ ಮಲನ್ ಪಾಠ ಮಾಡುತ್ತಾರೆ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ವಾರಗಳ ಪಾಠ. ಫಂಕ್ಷನ್, ಕಂಡೀಶನ್, ಲೂಪ್, ಎಕ್ಸೆಪ್ಶನ್, ಲೈಬ್ರರಿ, ಯುನಿಟ್ ಟೆಸ್ಟ್, ಫೈಲ್, ರೆಗ್ಯುಲರ್ ಎಕ್ಸ್‌ಪ್ರೆಶನ್, ಆಬ್ಜೆಕ್ಟ್, ಕೊನೆಗೆ ಬಿಡಿ ವಿಷಯಗಳು. ಈ ಹೆಸರುಗಳು ಈಗ ಅರ್ಥವಾಗದಿದ್ದರೂ ಪರವಾಗಿಲ್ಲ, ಪಾಠದಲ್ಲೇ ಬರುತ್ತವೆ. ನಿಮ್ಮ ವೇಗದಲ್ಲಿ ಮಾಡಬಹುದು. ಒಂಬತ್ತು ಪ್ರಾಬ್ಲಂ ಸೆಟ್ (ಕೋಡ್ ಬರೆದು ಬಿಡಿಸುವ ವಾರದ ಲೆಕ್ಕಗಳು) ಮತ್ತು ಫೈನಲ್ ಪ್ರಾಜೆಕ್ಟ್, ಪ್ರತಿಯೊಂದರಲ್ಲೂ ಕನಿಷ್ಠ 70% ಬಂದರೆ ಅವರದೇ ಸರ್ಟಿಫಿಕೇಟ್ ಉಚಿತವಾಗಿ ಸಿಗುತ್ತದೆ. ಇದೇ ಕೋರ್ಸು ಇರುವ ಎಡ್‌ಎಕ್ಸ್ ಅನ್ನುವ ಜಾಲತಾಣ ಕೊಡುವ ವೆರಿಫೈಡ್ ಸರ್ಟಿಫಿಕೇಟ್ ಬೇರೆ, ಅದಕ್ಕೆ ದುಡ್ಡು ಕಟ್ಟಬೇಕು. ಎಡ್‌ಎಕ್ಸ್ ಪುಟದಲ್ಲಿ ದುಡ್ಡಿನ ಆಯ್ಕೆ ಎದ್ದು ಕಾಣುತ್ತದೆ, ಅದನ್ನು ನೋಡಿ ಗಾಬರಿಯಾಗಿ ವಾಪಸ್ ಬರಬೇಡಿ.

ಎರಡು, ನಮ್ಮ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್ ಅನ್ನುವ ಆನ್‌ಲೈನ್ ಕೋರ್ಸುಗಳು, ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದ ಮೂಲಕ. ಅಲ್ಲಿ ಐಐಟಿ ರೋಪರ್‌ನ ಸುದರ್ಶನ್ ಅಯ್ಯಂಗಾರ್ ಅವರ ‘ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್’ ಹೊಸಬರಿಗೆ ಸರಿಹೊಂದುತ್ತದೆ. 12 ವಾರದ ಕೋರ್ಸು. ಸೇರುವುದು ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಶುಲ್ಕ.

ಯಾವುದನ್ನು ಆರಿಸಬೇಕು? ಕಾಲೇಜಿನಲ್ಲಿ ಓದುತ್ತಿದ್ದರೆ ಎನ್‌ಪಿಟೆಲ್. ಯಾಕೆಂದರೆ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ 40%ವರೆಗಿನ ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಲು ಕಾಲೇಜುಗಳು ಅವಕಾಶ ಕೊಡಬಹುದು. ನಿಮ್ಮ ಕಾಲೇಜಿನಲ್ಲಿ ಇದಕ್ಕೆ ಕ್ರೆಡಿಟ್ ಸಿಗುತ್ತದಾ, ಅಂದರೆ ಪದವಿಯ ಲೆಕ್ಕಕ್ಕೆ ಸೇರುತ್ತದಾ ಅಂತ ಸೇರುವ ಮೊದಲೇ ವಿಭಾಗದ ಮುಖ್ಯಸ್ಥರ ಹತ್ತಿರ ಕೇಳಿ. ಕೆಲಸದಲ್ಲಿದ್ದು ಸಮಯ ಹೊಂದಿಸಿಕೊಳ್ಳಬೇಕು ಅನ್ನುವವರಿಗೆ, ಮತ್ತು ಕೋಡ್ ಬರೆಯುವುದನ್ನೇ ಗಟ್ಟಿಯಾಗಿ ಕಲಿಯಬೇಕು ಅನ್ನುವವರಿಗೆ ನನ್ನ ಆಯ್ಕೆ ಸಿಎಸ್50ಪಿ. ಅಲ್ಲಿನ ಲೆಕ್ಕಗಳು ಬಹಳ ಯೋಚಿಸಿ ಮಾಡಿದವು. ಎರಡಕ್ಕೂ ಒಟ್ಟಿಗೆ ಸೇರಬೇಡಿ, ದಯವಿಟ್ಟು. ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಕನ್ನಡದಲ್ಲೇ ಕೇಳಿಸಿಕೊಳ್ಳಬೇಕು ಅನ್ನುವವರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ. ಚಿಕ್ಕ ಚಿಕ್ಕ ಪಾಠಗಳು, ಹಲವಕ್ಕೆ ಕನ್ನಡ ಧ್ವನಿ ಇದೆ. ಅದನ್ನು ಜೊತೆಗೆ ಇಟ್ಟುಕೊಳ್ಳಿ, ಮುಖ್ಯ ಕೋರ್ಸು ಒಂದೇ ಇರಲಿ.

ಇನ್ನೊಂದು ಎಚ್ಚರಿಕೆ. ‘ಆರು ತಿಂಗಳಲ್ಲಿ ಕೆಲಸ ಗ್ಯಾರಂಟಿ, ಫೀಸು ಇಎಂಐನಲ್ಲಿ ಕಟ್ಟಿ’ ಅನ್ನುವ ಜಾಹೀರಾತು ನೋಡಿ ಮೊದಲ ಕೋರ್ಸಿಗೇ ಸಾಲ ಮಾಡಬೇಡಿ. ಶುರುವಿನ ಪಾಠಕ್ಕೆ ಒಂದು ರೂಪಾಯಿಯೂ ಬೇಕಿಲ್ಲ. ಇಎಂಐ ಅಂದರೆ ಅದು ನಿಮ್ಮ ಹೆಸರಿನಲ್ಲಿ ತೆಗೆದ ಸಾಲ, ಕೋರ್ಸು ಬಿಟ್ಟರೂ ಕಂತು ನಿಲ್ಲುವುದಿಲ್ಲ.

ಏನೇನು ಬೇಕು

ಲ್ಯಾಪ್‌ಟಾಪ್ ಹೊಸದೇ ಆಗಬೇಕಿಲ್ಲ. ಸೆಕೆಂಡ್ ಹ್ಯಾಂಡ್ ಸಾಕು. 8 ಜಿಬಿ ರ್‍ಯಾಮ್ ಇದ್ದರೆ ಆರಾಮ, 4 ಜಿಬಿ ಇದ್ದರೂ ಬ್ರೌಸರ್‌ನಲ್ಲಿ ಎರಡೇ ಟ್ಯಾಬ್ ತೆರೆದಿಟ್ಟುಕೊಂಡು ಮಾಡಬಹುದು, ಯಾಕೆಂದರೆ ಸಿಎಸ್50ರ ಕೋಡ್ ಓಡುವುದು ಅವರ ಕಡೆಯ ಕಂಪ್ಯೂಟರಿನಲ್ಲಿ, ನಿಮ್ಮದರಲ್ಲಿ ಅಲ್ಲ. ಬರೀ ಮೊಬೈಲ್ ಇರುವವರು ಮೊಬೈಲಿನಲ್ಲೇ ಪೈಥಾನ್ ಓಡಿಸುವ ಪೈಡ್ರಾಯ್ಡ್ 3 ಆ್ಯಪ್ ಹಾಕಿಕೊಂಡು ಮೊದಲ ಎರಡು ವಾರದ ಅಭ್ಯಾಸ ಮಾಡಬಹುದು. ಆಮೇಲೆ ಕಷ್ಟ. ಬ್ರಾಕೆಟ್, ಕೋಲನ್, ಕೊಟೇಶನ್ ಇವನ್ನೆಲ್ಲಾ ಮೊಬೈಲ್ ಕೀಬೋರ್ಡಿನಲ್ಲಿ ಹುಡುಕುತ್ತಾ ಕೂತರೆ ಬೇಸರ ಬಂದುಬಿಡುತ್ತದೆ. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿ ಹಲವು ಕಡೆ ಕಂಪ್ಯೂಟರ್ ಇಟ್ಟಿದ್ದಾರೆ. ಹೋಗಿ ಕೇಳಿ, ಸಂಕೋಚ ಬೇಡ.

ಒಂದು ನೋಟ್‌ಬುಕ್, ಪೆನ್ನು. ಇದು ನಿಜವಾಗಿಯೂ ಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ.

ವಾರಕ್ಕೆ ಆರರಿಂದ ಎಂಟು ಗಂಟೆ ಸಮಯ. ಭಾನುವಾರ ಒಂದೇ ದಿನ ಎಂಟು ಗಂಟೆ ಕೂರುತ್ತೇನೆ ಅನ್ನುವ ಲೆಕ್ಕ ನಡೆಯುವುದಿಲ್ಲ. ದಿನಾ ಒಂದು ಗಂಟೆ ಒಳ್ಳೆಯದು. ಸೋಮವಾರ ಸಿಕ್ಕಿಹಾಕಿಕೊಂಡ ಲೆಕ್ಕ ಮಂಗಳವಾರ ಸ್ನಾನ ಮಾಡುವಾಗ ಹೊಳೆಯುತ್ತದೆ, ಅದಕ್ಕೆ ನಡುವೆ ಒಂದು ರಾತ್ರಿ ಬೇಕು.

ಮೊದಲ ದಿನ: ಖಾತೆ ತೆರೆದು ಒಂದು ಸಾಲು ಓಡಿಸಿ

ಸಿಎಸ್50ಪಿ ಹಿಡಿದಿದ್ದೀರಿ ಅಂತ ಇಟ್ಟುಕೊಂಡು ಹೇಳುತ್ತೇನೆ. ಮೊದಲು ಗಿಟ್‌ಹಬ್‌ನಲ್ಲಿ, ಅಂದರೆ ಕೋಡ್ ಇಟ್ಟುಕೊಳ್ಳುವ ಜಾಲತಾಣದಲ್ಲಿ, ಖಾತೆ ತೆರೆಯಿರಿ. ಯೂಸರ್‌ನೇಮ್ ನೆಟ್ಟಗಿರಲಿ, ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಇದೇ ಹೆಸರನ್ನು ತೋರಿಸುತ್ತೀರಿ. ಆಮೇಲೆ ಸಿಎಸ್50 ಡಾಟ್ ಡೆವ್ (cs50.dev) ಅನ್ನುವ ವಿಳಾಸಕ್ಕೆ ಹೋಗಿ ಗಿಟ್‌ಹಬ್ ಮೂಲಕ ಲಾಗಿನ್ ಆಗಿ. ಮೊದಲ ಸಲ ತೆರೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ತೆರೆದ ಮೇಲೆ ಮೇಲ್ಗಡೆ ಕೋಡ್ ಬರೆಯುವ ಜಾಗ, ಕೆಳಗಡೆ ಟರ್ಮಿನಲ್. ಟರ್ಮಿನಲ್ ಅಂದರೆ ಟೈಪ್ ಮಾಡಿ ಕಂಪ್ಯೂಟರಿಗೆ ಆದೇಶ ಕೊಡುವ ಜಾಗ, ಅಷ್ಟೇ. ಅಲ್ಲಿ ಇಂಗ್ಲಿಷಿನಲ್ಲಿ ‘ಕೋಡ್’ (code) ಅಂತ ಬರೆದು, ಜಾಗ ಬಿಟ್ಟು ಫೈಲಿನ ಹೆಸರು ಕೊಟ್ಟರೆ ಫೈಲ್ ತೆರೆಯುತ್ತದೆ. ‘ಪೈಥಾನ್’ (python) ಅಂತ ಬರೆದು ಅದೇ ಹೆಸರು ಕೊಟ್ಟರೆ ಓಡುತ್ತದೆ. ಫೈಲಿನ ಹೆಸರು ಡಾಟ್ ಪಿವೈ (.py) ಅಂತ ಮುಗಿಯಬೇಕು.

ಮೊದಲ ದಿನವೇ ಒಂದು ಸಾಲು ಓಡಿಸಿ: ಪ್ರಿಂಟ್ (print) ಅಂತ ಬರೆದು, ಬ್ರಾಕೆಟ್ ಹಾಕಿ, ಅದರೊಳಗೆ ಕೊಟೇಶನ್ ಗುರುತಿನಲ್ಲಿ ನಿಮ್ಮ ಹೆಸರು ಕೊಡಿ, ಸ್ಕ್ರೀನ್ ಮೇಲೆ ಬರಲಿ. ಪಾಠ ನಾಳೆ ನೋಡಬಹುದು.

ಇಲ್ಲೇ ಒಂದು ತೊಂದರೆ ಎದುರಾಗಬಹುದು. ವಾಟ್ಸ್ಆ್ಯಪ್‌ನಲ್ಲೋ ವರ್ಡ್ ಫೈಲಿನಲ್ಲೋ ಬಂದ ಕೋಡನ್ನು ಕಾಪಿ ಮಾಡಿ ಹಾಕಿದರೆ ಎಷ್ಟೋ ಸಲ ಎರರ್ ಬರುತ್ತದೆ. ನೋಡಲು ಎಲ್ಲಾ ಸರಿಯಾಗೇ ಇರುತ್ತದೆ. ಕಾರಣ ಕೊಟೇಶನ್ ಗುರುತು. ಅಲ್ಲಿ ಅದು ಬಾಗಿದ ಗುರುತಾಗಿ ಬದಲಾಗಿರುತ್ತದೆ, ಪೈಥಾನಿಗೆ ನೆಟ್ಟಗಿನ ಗುರುತೇ ಬೇಕು. ಆದ್ದರಿಂದ ಕಾಪಿ ಬೇಡ, ಕೈಯಲ್ಲೇ ಟೈಪ್ ಮಾಡಿ.

ವಿಡಿಯೋ ನೋಡುವ ರೀತಿ

ಪಾಠಗಳು ಉದ್ದ ಇವೆ, ಒಂದೇ ಸಲಕ್ಕೆ ಮುಗಿಸಬೇಡಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ವೇಗ ಜಾಸ್ತಿ ಅನಿಸಿದರೆ 0.75ಕ್ಕೆ ಇಳಿಸಿ. ಯೂಟ್ಯೂಬ್‌ನಲ್ಲಿ ಸಬ್‌ಟೈಟಲನ್ನು ಕನ್ನಡಕ್ಕೆ ತಿರುಗಿಸುವ ಆಯ್ಕೆಯೂ ಇದೆ, ಆದರೆ ತಾಂತ್ರಿಕ ಪದಗಳನ್ನು ಅದು ಎಲ್ಲೆಲ್ಲಿಗೋ ಒಯ್ಯುತ್ತದೆ, ನಂಬಿ ಕೂರುವ ಹಾಗಿಲ್ಲ.

ಮುಖ್ಯ ಇಷ್ಟು. ಅವರು ಸ್ಕ್ರೀನ್ ಮೇಲೆ ಕೋಡ್ ಬರೆದ ಕೂಡಲೇ ವಿಡಿಯೋ ನಿಲ್ಲಿಸಿ. ನೀವೂ ಬರೆಯಿರಿ, ಓಡಿಸಿ. ಆಮೇಲೆ ಒಂದು ಏನಾದರೂ ಬದಲಾಯಿಸಿ ಮತ್ತೆ ಓಡಿಸಿ. ಏನಾಗಬಹುದು ಅಂತ ಓಡಿಸುವ ಮೊದಲು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೀವು ಬರೆದಿದ್ದಕ್ಕೂ ಸ್ಕ್ರೀನ್ ತೋರಿಸಿದ್ದಕ್ಕೂ ವ್ಯತ್ಯಾಸ ಬಂದಾಗ ಖುಷಿಪಡಿ, ನೀವು ಕಲಿಯಬೇಕಾದ್ದು ಅಲ್ಲೇ ಇದೆ.

ಒಂದು ಉದಾಹರಣೆ. ಟೊಮೇಟೊ ಕಿಲೋಗೆ ಎಷ್ಟು ಅಂತ ಕೇಳಿ, ಮೂರು ಕಿಲೋಗೆ ಬಿಲ್ ಹೇಳುವ ಪ್ರೋಗ್ರಾಂ. ಓದಲು ಸುಲಭ ಆಗಲಿ ಅಂತ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಇನ್‌ಪುಟ್ (input) ಮತ್ತು ಪ್ರಿಂಟ್ (print) ಪದಗಳನ್ನು ನೀವು ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು.

ಬೆಲೆ = ಇನ್‌ಪುಟ್("ಕಿಲೋಗೆ ಎಷ್ಟು? ")
ಪ್ರಿಂಟ್(ಬೆಲೆ * 3)

ಓಡಿಸಿ, 40 ಅಂತ ಕೊಡಿ. 120 ಬರಬೇಕು ಅಲ್ವಾ? ಬರುವುದು 404040. ಯಾಕೆ? ಕೀಬೋರ್ಡಿನಿಂದ ಬಂದದ್ದೆಲ್ಲಾ ಪೈಥಾನಿಗೆ ಅಕ್ಷರಗಳೇ, ಸಂಖ್ಯೆ ಅಲ್ಲ. ಅಕ್ಷರವನ್ನು ಮೂರರಿಂದ ಗುಣಿಸು ಅಂದರೆ ಅದು ಮೂರು ಸಲ ಪಕ್ಕಪಕ್ಕ ಬರೆಯುತ್ತದೆ. ಇನ್‌ಪುಟ್ ಅನ್ನು ಇಂಟ್ (int) ಅನ್ನುವುದರ ಒಳಗೆ ಹಾಕಿದರೆ ಸಂಖ್ಯೆಯಾಗುತ್ತದೆ, 120 ಬರುತ್ತದೆ. ಪಾಠದಲ್ಲಿ ಇದನ್ನು ಸ್ಟ್ರಿಂಗ್ ಮತ್ತು ಇಂಟಿಜರ್ ಅಂತ ಹೇಳುತ್ತಾರೆ. ಕೇಳಿದರೆ ಮರೆತುಹೋಗುತ್ತದೆ. 404040 ಅನ್ನುವುದನ್ನು ಸ್ವಂತ ಸ್ಕ್ರೀನ್ ಮೇಲೆ ನೋಡಿದವರು ಮರೆಯುವುದಿಲ್ಲ.

ಇಲ್ಲಿ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ‘ಬೆಲೆ’ ಅನ್ನುವ ಹೆಸರನ್ನು ಕನ್ನಡದಲ್ಲೇ ಬರೆದರೂ ಪೈಥಾನ್ 3 ಒಪ್ಪಿಕೊಳ್ಳುತ್ತದೆ. ಇಷ್ಟೇ ಅಲ್ಲ, ಇಂಟ್ ಹಾಕಿದ ಮೇಲೆ ಬಳಸುವವರು ಕನ್ನಡ ಅಂಕಿಯಲ್ಲಿ ೪೦ ಅಂತ ಕೊಟ್ಟರೂ ಅದನ್ನು 40 ಅಂತಲೇ ತೆಗೆದುಕೊಳ್ಳುತ್ತದೆ. ಮನೆಯಲ್ಲಿ ಮಾಡುವ ಅಭ್ಯಾಸಕ್ಕೆ ಕನ್ನಡ ಹೆಸರುಗಳನ್ನು ಧಾರಾಳವಾಗಿ ಬಳಸಿ, ಅರ್ಥ ಬೇಗ ಹತ್ತುತ್ತದೆ. ಕೋರ್ಸಿಗೆ ಸಲ್ಲಿಸುವಾಗ ಮಾತ್ರ ಇಂಗ್ಲಿಷ್ ಹೆಸರು ಇಡಿ. ಹಾಗೆಯೇ ‘ಕನ್ನಡ’ ಅನ್ನುವ ಪದದ ಉದ್ದ ಎಷ್ಟು ಅಂತ ಲೆನ್ (len) ಫಂಕ್ಷನ್‌ಗೆ ಕೇಳಿ ನೋಡಿ. ಫಂಕ್ಷನ್ ಅಂದರೆ ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡಿನ ತುಂಡು. ಮೂರು ಅನ್ನುವುದಿಲ್ಲ, ಐದು ಅನ್ನುತ್ತದೆ. ಕ, ನ, ಅರ್ಧಾಕ್ಷರ ಮಾಡುವ ಗುರುತು (್), ಇನ್ನೊಂದು ನ, ಡ. ಒತ್ತಕ್ಷರ ಕಂಪ್ಯೂಟರಿನೊಳಗೆ ಹೇಗೆ ಕೂರುತ್ತದೆ ಅನ್ನುವುದು ಒಂದೇ ಸಾಲಿನ ಕೋಡಿನಲ್ಲಿ ಕಣ್ಣಿಗೆ ಕಾಣುತ್ತದೆ.

ಎರರ್ ಬಂದಾಗ

ಕೆಂಪು ಅಕ್ಷರ ಕಂಡ ಕೂಡಲೇ ಅಳಿಸಿ ಮೊದಲಿನಿಂದ ಬರೆಯುವುದು ಹೊಸಬರ ಅಭ್ಯಾಸ. ಬೇಡ. ಎರರ್ ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಸಾಲಿನಲ್ಲಿ ಏನು ತಪ್ಪು ಅಂತ ಇರುತ್ತದೆ, ಅದರ ಮೇಲೆ ಎಷ್ಟನೇ ಸಾಲಿನಲ್ಲಿ ಅಂತ ಇರುತ್ತದೆ. ನೇಮ್ ಎರರ್ ಅಂದರೆ ಆ ಹೆಸರು ಅದಕ್ಕೆ ಗೊತ್ತಿಲ್ಲ, ಬಹುತೇಕ ಸ್ಪೆಲ್ಲಿಂಗ್ ತಪ್ಪು. ಇಂಡೆಂಟೇಶನ್ ಎರರ್ ಅಂದರೆ ಸಾಲಿನ ಮುಂದೆ ಬಿಟ್ಟ ಜಾಗ ಸರಿಯಿಲ್ಲ, ಪೈಥಾನ್‌ನಲ್ಲಿ ನಾಲ್ಕು ಸ್ಪೇಸ್ ಬಿಡುವುದು ರೂಢಿ. ವ್ಯಾಲ್ಯೂ ಎರರ್ ಅಂದರೆ ಸಂಖ್ಯೆ ಕೇಳಿದ ಕಡೆ ‘ನಲವತ್ತು’ ಅಂತ ಪದ ಬಂದಿದೆ, ಅಂಥದ್ದು. ಸಿಂಟ್ಯಾಕ್ಸ್ ಎರರ್ ಬಂದಾಗ ಅದು ತೋರಿಸಿದ ಸಾಲಿನ ಜೊತೆ ಅದರ ಮೇಲಿನ ಸಾಲನ್ನೂ ನೋಡಿ, ಅಲ್ಲಿ ಬ್ರಾಕೆಟ್ ಮುಚ್ಚದೆ ಬಿಟ್ಟಿರಬಹುದು. ಪೈಥಾನ್ 3.10ರಿಂದ ಈಚೆಗೆ ಈ ಸಂದೇಶಗಳು ಎಷ್ಟೋ ಸ್ಪಷ್ಟವಾಗಿವೆ. ಬ್ರಾಕೆಟ್ ಮುಚ್ಚಿಲ್ಲ ಅಂತ ನೇರವಾಗಿ ಹೇಳುತ್ತದೆ, ಹೆಸರು ತಪ್ಪಿದ್ದರೆ ‘ಇದು ನಿಮ್ಮ ಮನಸ್ಸಿನಲ್ಲಿತ್ತಾ’ ಅಂತ ಸರಿಯಾದ ಹೆಸರನ್ನೇ ಸೂಚಿಸುತ್ತದೆ.

ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ಇದಕ್ಕೇ ಇಡಿ. ಯಾವ ಎರರ್, ಯಾಕೆ ಬಂತು, ಹೇಗೆ ಹೋಯ್ತು. ಕನ್ನಡದಲ್ಲೇ ಬರೆಯಿರಿ. ತಿಂಗಳು ಕಳೆಯುವಷ್ಟರಲ್ಲಿ ಬಂದದ್ದೇ ಮತ್ತೆ ಮತ್ತೆ ಬರುತ್ತಿದೆ ಅನ್ನುವುದು ಗೊತ್ತಾಗುತ್ತದೆ.

ಪ್ರಾಬ್ಲಂ ಸೆಟ್: ಇಡೀ ಕೋರ್ಸು ಇರುವುದೇ ಇಲ್ಲಿ

ವಾರದ ಮುಕ್ಕಾಲು ಸಮಯ ಇದಕ್ಕೆ ಕೊಡಿ. ಬರೆದ ಮೇಲೆ ಚೆಕ್50 ಅನ್ನುವ ಆದೇಶ ಕೊಟ್ಟರೆ ಅದೇ ಪರೀಕ್ಷೆ ಮಾಡಿ, ಸರಿ ಇದ್ದ ಕಡೆ ಹಸಿರು ನಗುಮುಖ, ತಪ್ಪಿದ್ದ ಕಡೆ ಕೆಂಪು ಅಳುಮುಖ ತೋರಿಸುತ್ತದೆ. ಎಲ್ಲಾ ಹಸಿರಾದ ಮೇಲೆ ಸಬ್ಮಿಟ್50 ಆದೇಶ ಕೊಟ್ಟು ಸಲ್ಲಿಸಿ.

ಮೊದಲ ವಾರಗಳು ಸಲೀಸು. ಎರಡನೇ ವಾರದ (ಸೊನ್ನೆಯಿಂದ ಎಣಿಸುವುದರಿಂದ ಇದು ನಿಮ್ಮ ಮೂರನೇ ವಾರ) ‘ವ್ಯಾನಿಟಿ ಪ್ಲೇಟ್ಸ್’ ಅನ್ನುವ ಲೆಕ್ಕದ ಹತ್ತಿರ ತುಂಬಾ ಜನ ನಿಲ್ಲುತ್ತಾರೆ, ಅದಕ್ಕೆ ಅದರ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕಾರಿನ ನಂಬರ್ ಪ್ಲೇಟಿಗೆ ಇಷ್ಟದ ಅಕ್ಷರ ಹಾಕಿಸಿಕೊಳ್ಳಬಹುದು. ಬಳಸುವವರು ಕೊಟ್ಟ ಪ್ಲೇಟ್ ನಿಯಮದ ಪ್ರಕಾರ ಇದೆಯಾ ಅಂತ ಹೇಳಬೇಕು. ಮೊದಲ ಎರಡು ಅಕ್ಷರಗಳೇ ಆಗಿರಬೇಕು. ಒಟ್ಟು 2ರಿಂದ 6ರ ಒಳಗೆ ಇರಬೇಕು. ಅಂಕಿ ಬಂದರೆ ಕೊನೆಯಲ್ಲೇ ಬರಬೇಕು, ಮಧ್ಯೆ ಬರುವ ಹಾಗಿಲ್ಲ. ಮೊದಲ ಅಂಕಿ ಸೊನ್ನೆ ಆಗಬಾರದು. ಚುಕ್ಕಿ, ಸ್ಪೇಸ್ ಏನೂ ಇರಬಾರದು. ಎಎಎ222 ಸರಿ, ಎಎಎ22ಎ ತಪ್ಪು.

ಇದನ್ನು ನೇರವಾಗಿ ಟೈಪ್ ಮಾಡಲು ಕೂತರೆ ಇಫ್ ಒಳಗೆ ಇಫ್, ಅದರೊಳಗೆ ಇನ್ನೊಂದು ಇಫ್ ಸೇರಿ ಗೋಜಲಾಗುತ್ತದೆ. ಲ್ಯಾಪ್‌ಟಾಪ್ ಮುಚ್ಚಿ, ನೋಟ್‌ಬುಕ್ ತೆಗೆಯಿರಿ. ಐದೂ ನಿಯಮವನ್ನು ಕನ್ನಡದಲ್ಲಿ ಒಂದೊಂದು ಸಾಲಾಗಿ ಬರೆಯಿರಿ. ಪ್ರತಿ ನಿಯಮವನ್ನು ಮುರಿಯುವ ಒಂದೊಂದು ಪ್ಲೇಟನ್ನು ಪಕ್ಕದಲ್ಲಿ ಬರೆಯಿರಿ. ಈಗ ಎಲ್ಲಕ್ಕಿಂತ ಸುಲಭದ್ದನ್ನು, ಉದ್ದದ ನಿಯಮವನ್ನು, ಕೋಡ್ ಮಾಡಿ. ಓಡಿಸಿ, ಸರಿಯಾಯಿತಾ ನೋಡಿ. ಆಮೇಲೆ ಎರಡನೆಯದು. ಒಂದು ನಿಯಮ ಮುರಿದರೂ ತಕ್ಷಣ ‘ಇಲ್ಲ’ ಅಂತ ವಾಪಸ್ ಕಳಿಸಿಬಿಡಿ, ಎಲ್ಲಾ ದಾಟಿದರೆ ಮಾತ್ರ ‘ಹೌದು’. ಉಳಿಯುವುದು ಅಂಕಿ ಕೊನೆಯಲ್ಲೇ ಇದೆಯಾ ಅನ್ನುವುದು ಮಾತ್ರ. ಅದಕ್ಕೆ ಬೆರಳಿಟ್ಟು ಎಎಎ22ಎ ಅನ್ನು ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರ ಓದಿ. ನಿಮಗೆ ಯಾವ ಅಕ್ಷರದ ಹತ್ತಿರ ತಪ್ಪು ಅಂತ ಗೊತ್ತಾಯಿತು? ಅದು ಗೊತ್ತಾಗಲು ನೀವು ಏನನ್ನು ನೆನಪಿಟ್ಟುಕೊಂಡಿದ್ದಿರಿ? ಆ ನೆನಪೇ ನಿಮ್ಮ ಪ್ರೋಗ್ರಾಮಿಗೆ ಬೇಕಾದ ವೇರಿಯಬಲ್, ಅಂದರೆ ಟೊಮೇಟೊ ಲೆಕ್ಕದ ‘ಬೆಲೆ’ ತರಹ ಒಂದು ಮೌಲ್ಯವನ್ನು ಹಿಡಿದಿಡುವ ಹೆಸರು. ಇದಕ್ಕಿಂತ ಮುಂದೆ ನಾನು ಹೇಳುವುದಿಲ್ಲ, ಉಳಿದದ್ದು ನೀವೇ ಕಂಡುಕೊಳ್ಳಬೇಕು.

ಸಿಕ್ಕಿಹಾಕಿಕೊಂಡಾಗ ಅರ್ಧ ಗಂಟೆ ಒದ್ದಾಡಿ. ನಡುವೆ ನಡುವೆ ಪ್ರಿಂಟ್ ಹಾಕಿ, ವೇರಿಯಬಲ್‌ನಲ್ಲಿ ಈಗ ಏನಿದೆ ಅಂತ ನೋಡಿ. ಆಮೇಲೂ ಬರದಿದ್ದರೆ ಎದ್ದು ಹೋಗಿ ಕಾಫಿ ಕುಡಿದು ಬನ್ನಿ. ಮನೆಯಲ್ಲಿ ಯಾರಾದರೂ ಇದ್ದರೆ ಕೂರಿಸಿಕೊಂಡು ಸಾಲು ಸಾಲಾಗಿ ವಿವರಿಸಿ, ಅವರಿಗೆ ಅರ್ಥವಾಗದಿದ್ದರೂ ಸರಿ, ಹೇಳುತ್ತಾ ಹೇಳುತ್ತಾ ನಿಮಗೇ ತಪ್ಪು ಕಾಣುತ್ತದೆ.

ಚಾಟ್‌ಜಿಪಿಟಿ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಸಿಎಸ್50ರ ನಿಯಮದಲ್ಲಿ ಅದನ್ನು ಬಳಸಿ ಉತ್ತರ ಬರೆಸುವುದು ನಿಷಿದ್ಧ. ಅವರದೇ ಒಂದು ಬಾತುಕೋಳಿ ರೂಪದ ಎಐ ಸಹಾಯಕ ಇದೆ, ಅದು ಉತ್ತರ ಕೊಡದೆ ದಾರಿ ತೋರಿಸುತ್ತದೆ, ಅದನ್ನು ಧಾರಾಳವಾಗಿ ಕೇಳಿ. ನಿಯಮ ಪಕ್ಕಕ್ಕಿರಲಿ. ಎಐ ಬರೆದ ಕೋಡ್ ಸರಿಯಿದೆಯಾ ಅಂತ ನೋಡುವ ಕಣ್ಣು ಬರಬೇಕಾದರೂ ಮೊದಲು ನೀವೇ ಬರೆದು ಕಲಿತಿರಬೇಕು. ಶುರುವಿನ ಈ ಕೆಲವು ತಿಂಗಳು ಅದನ್ನು ದೂರ ಇಡಿ ಅಂತ ಕೈಮುಗಿದು ಕೇಳುತ್ತೇನೆ.

ಎನ್‌ಪಿಟೆಲ್ ಹಿಡಿದವರಿಗೆ

ಅಲ್ಲಿ ವಾರ ವಾರ ಅಸೈನ್‌ಮೆಂಟಿಗೆ ಕೊನೆಯ ದಿನಾಂಕ ಇರುತ್ತದೆ, ತಪ್ಪಿದರೆ ತಪ್ಪಿತು. 12 ವಾರದ ಕೋರ್ಸಿನಲ್ಲಿ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್‌ಗಳ ಸರಾಸರಿಗೆ 25 ಅಂಕ, ಪರೀಕ್ಷೆಗೆ 75. ಸರ್ಟಿಫಿಕೇಟ್ ಬರಬೇಕಾದರೆ 25ಕ್ಕೆ 10 ಮತ್ತು 75ಕ್ಕೆ 30, ಎರಡೂ ಬೇಕು. ಪರೀಕ್ಷೆ ಮನೆಯಲ್ಲಿ ಅಲ್ಲ, ಕೇಂದ್ರಕ್ಕೆ ಹೋಗಿ ಬರೆಯಬೇಕು. ಕೋರ್ಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಸೇರುವುದಿಲ್ಲ, ಬೇರೆಯಾಗಿ ನೋಂದಾಯಿಸಿ ಶುಲ್ಕ ಕಟ್ಟಬೇಕು. ಇದನ್ನು ಮರೆತು ಕೊನೆಗೆ ಪೇಚಾಡುವವರಿದ್ದಾರೆ. ಸೇರಿದ ದಿನವೇ ದಿನಾಂಕಗಳನ್ನು ಮೊಬೈಲ್ ಕ್ಯಾಲೆಂಡರಿನಲ್ಲಿ ಹಾಕಿಕೊಳ್ಳಿ.

ಕೊನೆಯ ಪ್ರಾಜೆಕ್ಟ್

ಸಿಎಸ್50ಪಿ ಕೊನೆಯಲ್ಲಿ ನಿಮ್ಮದೇ ಒಂದು ಪ್ರೋಗ್ರಾಂ ಮಾಡಬೇಕು. ಮೇನ್ ಫಂಕ್ಷನ್, ಅದರ ಜೊತೆ ಕನಿಷ್ಠ ಮೂರು ಫಂಕ್ಷನ್, ಅವು ಸರಿಯಾಗಿ ಕೆಲಸ ಮಾಡುತ್ತವಾ ಅಂತ ನೋಡಲು ಪೈಟೆಸ್ಟ್ ಅನ್ನುವ ಉಪಕರಣದ ಪರೀಕ್ಷೆಗಳು, ವಿವರ ಬರೆದ ರೀಡ್‌ಮಿ ಫೈಲ್, ಮೂರು ನಿಮಿಷ ಮೀರದ ಒಂದು ವಿಡಿಯೋ.

ಕ್ಯಾಲ್ಕುಲೇಟರ್, ಟಿಕ್ ಟ್ಯಾಕ್ ಟೋ ಎಲ್ಲರೂ ಮಾಡುತ್ತಾರೆ. ನಿಮ್ಮ ಮನೆಯ ಲೆಕ್ಕ ಹಿಡಿಯಿರಿ. ಡೈರಿಗೆ ಹಾಲು ಹಾಕುವ ಮನೆಯಾದರೆ ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಇದನ್ನೆಲ್ಲಾ ಸಿಎಸ್‌ವಿ ಫೈಲಿನಲ್ಲಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸರಳ ಪಟ್ಟಿ) ಬರೆದಿಟ್ಟು ವಾರದ ಬಟವಾಡೆ ಎಷ್ಟು ಬರಬೇಕು ಅಂತ ಹೇಳುವ ಪ್ರೋಗ್ರಾಂ. ಅಥವಾ ಅಮ್ಮನ ಸ್ವಸಹಾಯ ಸಂಘದ ಉಳಿತಾಯದ ಲೆಕ್ಕ. ಉತ್ತರ ಸರಿಯಾ ತಪ್ಪಾ ಅಂತ ಹೇಳುವವರು ಮನೆಯಲ್ಲೇ ಇರುತ್ತಾರೆ, ಪಾಸ್‌ಪುಸ್ತಕದ ಜೊತೆ ತಾಳೆ ನೋಡಿ ಪೈಸೆ ವ್ಯತ್ಯಾಸವನ್ನೂ ಹಿಡಿಯುತ್ತಾರೆ. ಅದಕ್ಕಿಂತ ಒಳ್ಳೆಯ ಟೆಸ್ಟಿಂಗ್ ಬೇರೆ ಇಲ್ಲ. ಫೈಲಿನಲ್ಲಿ ಕನ್ನಡ ಹೆಸರುಗಳಿದ್ದರೆ, ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಉಳಿಸುವ ಪದ್ಧತಿ) ಯುಟಿಎಫ್-8 ಅಂತ ಕೊಡಲು ಮರೆಯಬೇಡಿ. ಇಲ್ಲದಿದ್ದರೆ ವಿಂಡೋಸ್ ಕಂಪ್ಯೂಟರಿನಲ್ಲಿ ಕನ್ನಡ ಕಲಸಿಹೋಗುತ್ತದೆ, ಇಲ್ಲವೇ ಎರರ್ ಬರುತ್ತದೆ.

ಸಲ್ಲಿಸಿದ ಮೇಲೆ ನಿಮ್ಮ ಅಂಕ ಸಿಎಸ್50 ಡಾಟ್ ಮಿ (cs50.me) ವಿಳಾಸದಲ್ಲಿ ಕಾಣುತ್ತದೆ. ಪ್ರಾಬ್ಲಂ ಸೆಟ್‌ಗಳ ಉತ್ತರವನ್ನು ಎಲ್ಲರಿಗೂ ಕಾಣುವ ಹಾಗೆ ಎಲ್ಲೂ ಹಾಕಬೇಡಿ, ಅದು ಕೋರ್ಸಿನ ನಿಯಮಕ್ಕೆ ವಿರುದ್ಧ. ಪ್ರಾಜೆಕ್ಟನ್ನು ಮಾತ್ರ ನಿಮ್ಮ ಗಿಟ್‌ಹಬ್ ಖಾತೆಯಲ್ಲಿ ಹಾಕಿ, ರೀಡ್‌ಮಿಯಲ್ಲಿ ಇಂಗ್ಲಿಷ್ ಜೊತೆ ಕನ್ನಡದಲ್ಲೂ ನಾಲ್ಕು ಸಾಲು ಬರೆಯಿರಿ. ಮುಂದೆ ಏನು ಅಂತ ಕೇಳುವವರಿಗೆ: ಕಂಪ್ಯೂಟರ್ ಒಳಗೆ ಏನು ನಡೆಯುತ್ತದೆ ಅಂತ ತಿಳಿಯುವ ಆಸೆ ಇದ್ದರೆ ಅವರದೇ ಸಿಎಸ್50ಎಕ್ಸ್, ಅಲ್ಲಿ ಸಿ ಭಾಷೆ, ಮೆಮೊರಿ ಎಲ್ಲಾ ಬರುತ್ತದೆ. ಬೇಗ ಕೆಲಸಕ್ಕೆ ಬರಬೇಕು ಅಂದರೆ ಡೇಟಾಬೇಸಿಗೆ, ಅಂದರೆ ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಡುವ ವ್ಯವಸ್ಥೆಗೆ, ಆದೇಶ ಕೊಡುವ ಭಾಷೆಯಾದ ಎಸ್‌ಕ್ಯೂಎಲ್ ಕಲಿತು, ಆ ಹಾಲಿನ ಲೆಕ್ಕವನ್ನೇ ಸಿಎಸ್‌ವಿ ಫೈಲಿನಿಂದ ಡೇಟಾಬೇಸಿಗೆ ಬದಲಾಯಿಸಿ.